ಹಿಂದಿನ ಗೇಟಿನ ಬೀಗ

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಅತ್ತೆ ಮೊದಲು ಕೇಳಿದ್ದು, "ಇದನ್ನ ಹೊರಗೆ ಯಾರಿಗೂ ಹೇಳಿಲ್ಲ ತಾನೆ?" ಎಂದು. ಆಮೇಲೆ ನನ್ನನ್ನು ಕೂರಿಸಿ, ನೀರು ಕೊಟ್ಟು, ಬೆನ್ನು ಸವರಿದರು. ಅವರು ಕೆಟ್ಟವರಲ್ಲ. ಇಷ್ಟು ಸಣ್ಣ ವಯಸ್ಸಿಗೆ ಸೊಸೆಗೆ ಸಕ್ಕರೆ ಬಂತು ಎಂದು ಊರಿಗೆ ತಿಳಿದರೆ ಮುಂದೆ ಮೊಮ್ಮಗಳಿಗೆ ಗಂಡು ಹುಡುಕುವುದು ಕಷ್ಟವಾಗುತ್ತದೆ ಎಂಬುದು ಅವರ ಚಿಂತೆ. ಆಗ ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಳು.

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನಮ್ಮ ಮನೆ. ಗಂಡನಿಗೆ ಹಳೇ ಪೇಟೆಯಲ್ಲಿ ಕಾಳಿನ ವ್ಯಾಪಾರ, ಅವರ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಮೇನ್ ರೋಡಿನಲ್ಲಿ ಪಂಪ್‌ಸೆಟ್ ಅಂಗಡಿ. ಕೆಳಗಡೆ ಅತ್ತೆ ಮತ್ತು ನಾವು, ಮಹಡಿಯ ಮೇಲೆ ಭಾವನ ಸಂಸಾರ, ಅಡುಗೆ ಒಂದೇ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತ್ರೆಗಿಂತ ನಡಿಗೆ ಮುಖ್ಯ ಕಣಮ್ಮ. ದಿನಾ ಬೆಳಿಗ್ಗೆ ಬೆವರು ಬರೋ ಹಂಗೆ ನಡಿಬೇಕು" ಎಂದಿದ್ದರು.

ಎಲ್ಲಿ ನಡೆಯುವುದು? ನಮ್ಮ ಬಡಾವಣೆಯಲ್ಲಿ ಪಕ್ಕದ ಕ್ರಾಸಿನಿಂದ ಕೊತ್ತಂಬರಿ ತರುವುದಕ್ಕೂ ಲೂನಾ ಹತ್ತುತ್ತಿದ್ದರು. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವವರೆಂದರೆ ರಿಟೈರಾದ ಗಂಡಸರು ಮಾತ್ರ. "ನಮ್ ತವರೂರು ಆನಗೋಡಿನಾಗೆ ನೀರಿಗೆ ನಡಿತಿದ್ವಿ, ಹೊಲಕ್ಕೆ ನಡಿತಿದ್ವಿ. ಸುಮ್‌ಸುಮ್ನೆ ಯಾರ್ ನಡಿತಿದ್ರು?" ಎಂದರು ಅತ್ತೆ. ಆದರೆ ಬೇಡ ಎನ್ನಲಿಲ್ಲ. ಒಂದು ಬಟ್ಟೆಯ ಚೀಲ ತಂದು ಕೈಗೆ ಕೊಟ್ಟರು. "ಇದನ್ನ ಹಿಡ್ಕೊಂಡು ಹೋಗು. ತರಕಾರಿಗೆ ಹೊಂಟಂಗ ಕಾಣ್ತೈತೆ."

ಹಾಗೆ ನಾನು ಖಾಲಿ ಚೀಲ ಹಿಡಿದು ನಡೆಯಲು ಶುರು ಮಾಡಿದೆ. ಎದುರಿಗೆ ಗುರುತಿನವರು ಸಿಕ್ಕರೆ ಚೀಲವನ್ನು ಸ್ವಲ್ಪ ಮುಂದೆ ಹಿಡಿಯುತ್ತಿದ್ದೆ. ಎರಡು ದಿನ ಹೋದರೆ ಮೂರು ದಿನ ತಪ್ಪಿಸುತ್ತಿದ್ದೆ. ಬಹುಶಃ ಆ ಮಳೆಗಾಲದ ಹೊತ್ತಿಗೆ ಪೂರ್ತಿ ಬಿಟ್ಟೇಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವಳು ಬಂದಳು.

ಎದುರು ಮನೆಯ ಮಹಡಿಗೆ ಬಾಡಿಗೆಗೆ ಬಂದವಳು. ಮೈಸೂರು ಕಡೆಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮದುವೆಯಾಗಿರಲಿಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ ಲೆಕ್ಚರರ್ ಆಗಿದ್ದವಳು ಡಾಕ್ಟರೇಟ್ ಮಾಡಲೆಂದು ನಮ್ಮ ಊರಿಗೆ ಬಂದಿದ್ದಳು. ಒಂದು ಸಂಜೆ ಹೆಪ್ಪಿಗೆ ಮೊಸರು ಕೇಳಿಕೊಂಡು ನಮ್ಮ ಮನೆಗೆ ಬಂದಾಗ ನಗುತ್ತಾ ಕೇಳಿದಳು, "ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಬೆಳಿಗ್ಗೆ ಖಾಲಿ ಚೀಲ ತಗೊಂಡು ಹೋಗಿ ಖಾಲಿ ಚೀಲನೇ ವಾಪಸ್ ತರ್ತೀರಲ್ಲ, ಯಾಕೆ?"

ಬೀದಿಯವರು ಯಾರೂ ಗಮನಿಸದ್ದನ್ನು ಅವಳು ಮೇಲಿನಿಂದ ನೋಡಿದ್ದಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮೊಸರಿನ ಬಟ್ಟಲು ಕೊಡುತ್ತಾ ನಿಜ ಹೇಳಿಬಿಟ್ಟೆ.

"ಇಷ್ಟೇನಾ? ನಾಳೆಯಿಂದ ನಾನೂ ಬರ್ತೀನಿ. ಇಬ್ಬರಿದ್ರೆ ಚೀಲ ಬೇಕಾಗಲ್ಲ" ಎಂದಳು.

ಮಾರನೇ ದಿನದಿಂದ ನಾವಿಬ್ಬರೂ ಹೊರಟೆವು. ಮನೆಯ ಹಿಂದಿನ ಕ್ರಾಸು ದಾಟಿದರೆ ಪಾರ್ಕಿನ ಹಿಂದಿನ ಗೇಟು. ಒಬ್ಬರು ಓರೆಯಾಗಿ ನುಸುಳುವಷ್ಟು ಅಗಲದ ಸಣ್ಣ ಕಬ್ಬಿಣದ ಗೇಟು. ಒಳಗೆ ಹೊಂಗೆ ಮರಗಳ ಕೆಳಗೆ ಸುತ್ತು ಹಾಕಿ ಮತ್ತೆ ಅದೇ ಗೇಟಿನಿಂದ ಹೊರಗೆ ಬರುವುದು. ಪಾರ್ಕಿನ ಮುಂಬಾಗಿಲಿದ್ದದ್ದು ಮೇನ್ ರೋಡಿನ ಕಡೆಗೆ. ಅಲ್ಲಿಗೆ ಹೋಗಬೇಕೆಂದರೆ ಗ್ಯಾರೇಜುಗಳು, ಗಂಡಸರು ಗುಂಪಾಗಿ ನಿಲ್ಲುವ ಚಹಾದ ಅಂಗಡಿ, ಆಮೇಲೆ ನಮ್ಮ ಭಾವನ ಅಂಗಡಿ, ಇಷ್ಟನ್ನೂ ದಾಟಬೇಕು. ಹಾಗಾಗಿ ನನ್ನ ಮಟ್ಟಿಗೆ ಆ ಪಾರ್ಕಿಗೆ ಇದ್ದದ್ದು ಒಂದೇ ಬಾಗಿಲು.

ನಡೆಯುತ್ತಾ ಅವಳು ಕೇಳುತ್ತಿದ್ದ ಪ್ರಶ್ನೆಗಳನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. "ಈ ಕ್ರಾಸಿನಲ್ಲಿ ಯಾಕೆ ಬೇಗ ಬೇಗ ಹೋಗ್ತೀರಿ ಅಕ್ಕ?" "ನಿನ್ನೆ ಗೇಟಿನ ತನಕ ಬಂದು ವಾಪಸ್ ಹೋದ್ರಲ್ಲ, ಯಾಕೆ?" "ಯಾರಾದ್ರೂ ನೋಡ್ತಿದ್ದಾರೆ ಅನ್ನಿಸಿದ್ರೆ ನಿಮಗೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?" ನನಗೆ ಮೊದಲು ವಿಚಿತ್ರವೆನಿಸಿತು, ಆಮೇಲೆ ಹಿತವೆನಿಸತೊಡಗಿತು. ಹೇಳಲು ನನ್ನ ಬಳಿ ಎಷ್ಟೊಂದು ಇತ್ತು ಎಂದು ಹೇಳಲು ಶುರು ಮಾಡಿದ ಮೇಲೆಯೇ ತಿಳಿದದ್ದು. ಭಾವ ಬೆಳಿಗ್ಗೆ ವರಾಂಡದಲ್ಲಿ ಪೇಪರು ಓದುತ್ತಾ ಕೂತಿದ್ದರೆ ನಾನು ಚಪ್ಪಲಿ ಮೆಟ್ಟದೆ ಒಳಗೆ ಹೋಗಿಬಿಡುತ್ತೇನೆ ಎಂದು ಹೇಳಿದೆ. ಮಗಳಾದ ಮೇಲೆ ನಿಂತ ಬಸಿರೊಂದು ಐದನೇ ತಿಂಗಳಲ್ಲಿ ಹೋದದ್ದು ಹೇಳಿದೆ. ಆಮೇಲಿನಿಂದ ರಸ್ತೆಯಲ್ಲಿ ನಡೆದರೆ ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡುತ್ತಾರೆ ಎನ್ನಿಸುತ್ತದೆ ಎಂದೂ ಹೇಳಿದೆ. ಗಂಡನಿಗೂ ಹೇಳದ ಮಾತು ಅದು. ಅವಳು ನಿಂತು ನನ್ನ ಕೈ ಹಿಡಿದುಕೊಂಡಳು. ಮೊದಮೊದಲು ಮೇಡಂ, ನೀವು ಎನ್ನುತ್ತಿದ್ದ ನಾನು ಅವತ್ತಿನಿಂದ ಅವಳನ್ನು ನೀನು ಎನ್ನತೊಡಗಿದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನ್ನದೇ ಎನ್ನುವಂಥ ಗೆಳತಿ ಸಿಕ್ಕಿದ್ದು ಅದೇ ಮೊದಲು.

ಒಂದು ಮಧ್ಯಾಹ್ನ ತನ್ನ ಕೋಣೆಗೆ ಕರೆದು ಕಂಪ್ಯೂಟರ್ ತೋರಿಸಿದಳು. ಅರ್ಧ ಮೇಜು ತುಂಬುವಷ್ಟು ದೊಡ್ಡದು. ಪರದೆಯ ಮೇಲೆ ಗೆರೆಗಳಲ್ಲಿ ನಮ್ಮದೇ ಬಡಾವಣೆ: ಕ್ರಾಸುಗಳು, ಪಾರ್ಕು, ಎರಡು ಗೇಟು, ಮೇನ್ ರೋಡು. ಅವಳೊಂದು ಕೀ ಒತ್ತಿದಳು. ಮನೆಗಳಿಂದ ಚುಕ್ಕಿಗಳು ಹೊರಬಿದ್ದು ಇರುವೆಗಳ ಹಾಗೆ ರಸ್ತೆಗಿಳಿದವು. ಕೆಲವು ಪಾರ್ಕಿಗೆ ಹೋದವು, ಕೆಲವು ಅರ್ಧ ದಾರಿಯಲ್ಲಿ ತಿರುಗಿದವು, ಕೆಲವು ಮನೆಯಿಂದ ಏಳಲೇ ಇಲ್ಲ.

"ಇವು ಯಾರು?" ಎಂದೆ.

"ಜನ. ಒಂದೊಂದು ಚುಕ್ಕಿಗೂ ನಾನು ಒಂದೊಂದು ಸ್ವಭಾವ ಬರೆದಿದ್ದೀನಿ. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ನಾಯಿ ಕಂಡರೆ ಭಯ, ಒಬ್ಬರಿಗೆ ನೆರಳಿದ್ರೆ ಮಾತ್ರ ನಡೆಯೋ ಮನಸ್ಸು. ಊರು ಹೇಗೆ ಕಟ್ಟಿದ್ರೆ ಜನ ಹೆಚ್ಚು ನಡೀತಾರೆ ಅಂತ ಈ ಮಾಡೆಲ್‌ನಲ್ಲಿ ನೋಡಬಹುದು. ಒಂದು ಮರ ಕಡಿದು ನೋಡೋಕೆ, ಒಂದು ರಸ್ತೆ ಮುಚ್ಚಿ ನೋಡೋಕೆ ನಿಜವಾದ ಊರಿನಲ್ಲಿ ಆಗುತ್ತಾ? ಇಲ್ಲಿ ಆಗುತ್ತೆ. ಯಾರಿಗೂ ನೋವಾಗಲ್ಲ."

ಗುಂಪಿನಲ್ಲಿ ಒಂದು ಹಳದಿ ಚುಕ್ಕಿ ಇತ್ತು. ಅದು ಬೇರೆಯವುಗಳ ಹಾಗೆ ಸರಾಗ ಹೋಗದೆ ತಡೆತಡೆದು ಹೋಗುತ್ತಿತ್ತು. "ಇದ್ಯಾಕ ಹಿಂಗೆ?" ಎಂದು ಕೇಳಿದೆ. "ಅದಾ, ಅದು ಸ್ವಲ್ಪ ಕಷ್ಟದ್ದು ಅಕ್ಕ" ಎಂದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಕರೆಂಟು ಹೋಗಿ ಪರದೆ ಕಪ್ಪಾಯಿತು.

ಆ ಚಳಿಗಾಲದಲ್ಲಿ ಅವಳನ್ನು ಹರಿಹರದ ನಮ್ಮ ತವರಿಗೆ ಕರೆದುಕೊಂಡು ಹೋದೆ. ಅಪ್ಪ ಅಲ್ಲಿ ಕಾರ್ಖಾನೆಯ ಕಾಲೋನಿಯಲ್ಲಿದ್ದರು. ರಿಟೈರಾಗಲು ಇನ್ನೂ ಕೆಲವು ವರ್ಷವಿತ್ತು. ಆ ಕಾಲೋನಿಯನ್ನು ಕಟ್ಟಿದವರು ಯಾರೋ ಪುಣ್ಯಾತ್ಮರು. ಅಗಲವಾದ ರಸ್ತೆ, ಎರಡೂ ಕಡೆ ದೊಡ್ಡ ಮರ, ಮನೆಗಳಿಂದ ಆಟದ ಮೈದಾನಕ್ಕೆ, ಶಾಲೆಗೆ, ಅಂಗಡಿಗೆ ಕಾಲುದಾರಿ. ಸಂಜೆ ಅವ್ವ, ನಾನು, ಅವಳು ಮೂವರೂ ಸುತ್ತಾಡಲು ಹೋದೆವು. ಪಕ್ಕದ ಮನೆಯ ಹೆಂಗಸರೂ ಸೇರಿಕೊಂಡರು. ಮಾತಾಡುತ್ತಾ ಕಾಲೋನಿಯನ್ನು ಎರಡು ಸುತ್ತು ಬಂದದ್ದೇ ತಿಳಿಯಲಿಲ್ಲ. ಅವಳು ಸ್ವಲ್ಪ ಹಿಂದೆ ಉಳಿದು ನಮ್ಮನ್ನೇ ನೋಡುತ್ತಾ ಬರುತ್ತಿದ್ದಳು.

"ಅಕ್ಕ, ಇಲ್ಲಿ ನಿಮ್ಮ ನಡಿಗೆನೇ ಬೇರೆ. ಕೈ ಬೀಸ್ತೀರಿ. ಅಲ್ಲಿ ನೀವು ಯಾವತ್ತೂ ಕೈ ಬೀಸಿಲ್ಲ" ಎಂದಳು.

ಮಾರನೇ ದಿನ ತುಂಗಭದ್ರೆಯ ದಂಡೆಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆವು. ಹೊರಡುವಾಗ ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಬಾಳೆಹಣ್ಣು. "ನನಗೆ ಎರಡು ಹೆಣ್ಣು ಮಕ್ಕಳು ಅಂತ ತಿಳ್ಕೋತೀನಿ ಬಿಡವ್ವ. ನನ್ ಮಗಳನ್ನ ಹೆಂಗೆ ಬಿಡದಂಗ ನಡಿಸ್ತೀಯ, ಹಂಗೇ ನಡಸು" ಎಂದಳು. ಅವಳು ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ. ಅದು ಸುಳ್ಳಲ್ಲ ಎಂದು ಈಗಲೂ ನಂಬುತ್ತೇನೆ. ಆಮೇಲೆ ಆದದ್ದು ಅರ್ಥವಾಗದೆ ಇರುವುದು ಅದಕ್ಕೇ.

ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ಒಂದು ದಿನ ಬಂದು, ಪರೀಕ್ಷೆಯ ಪೇಪರು ತಿದ್ದುವ ಕೆಲಸ ಬಂದಿದೆ, ಕೆಲವು ವಾರ ಬರಲಾಗುವುದಿಲ್ಲ ಎಂದಳು. "ನೀವು ಮಾತ್ರ ನಿಲ್ಲಿಸಬೇಡಿ ಅಕ್ಕ, ನನಗೋಸ್ಕರ ಅಂತಲ್ಲ, ನಿಮಗೋಸ್ಕರ" ಎಂದಳು. ಮಾರನೇ ಬೆಳಿಗ್ಗೆ ನಾನೊಬ್ಬಳೇ ಹೋದೆ. ಹಿಂದಿನ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಹೊಸ ಬೀಗ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು ನಿಂತು ವಾಪಸ್ ಬಂದೆ. ಮರುದಿನವೂ ಬೀಗ. ಕೇಳಿದರೆ, ಏನೋ ರಿಪೇರಿ ಇದೆಯಂತೆ, ಮುಂಬಾಗಿಲಿನಿಂದ ಬರಬೇಕಂತೆ ಎಂದರು ಪಾರ್ಕಿಗೆ ಬರುತ್ತಿದ್ದ ಹಿರಿಯರೊಬ್ಬರು.

ಚೀಲವನ್ನು ಮತ್ತೆ ಮೊಳೆಯಿಂದ ತೆಗೆದೆ. ಧೈರ್ಯ ಮಾಡಿ ಮೇನ್ ರೋಡಿನ ಮೇಲೆ ಹೋದೆ. ಚಹಾದ ಅಂಗಡಿಯ ಮುಂದೆ ಮಾತು ನಿಂತಿತು. ನಾನು ದಾಟಿದ ಮೇಲೆ ಯಾರೋ ಏನೋ ಅಂದರು, ಉಳಿದವರು ನಕ್ಕರು. ಏನಂದರೋ ಕೇಳಿಸಲಿಲ್ಲ. ಕೇಳಿಸಿದ್ದರೆ ಮರೆಯುತ್ತಿದ್ದೆನೇನೋ. ಭಾವನ ಅಂಗಡಿ ಬಂದಾಗ ರಸ್ತೆ ದಾಟಿ ಆ ಕಡೆಗೆ ಹೋದೆ. ಅವರು ನೋಡಿದರು. ಅವತ್ತು ರಾತ್ರಿ ಊಟದ ಹೊತ್ತಿಗೆ ಎಲ್ಲರ ಮುಂದೆ ಗಂಡನಿಗೆ ಹೇಳಿದರು, "ಬೆಳಿಗ್ಗೆ ಮೇನ್ ರೋಡಿನಾಗೆ ಯಾರೋ ನಮ್ ಮನಿಯವ್ರ ಥರಾನೇ ಕಂಡ್ರಪ್ಪ. ನಮ್ ಮನಿ ಹೆಣ್ಮಕ್ಳು ಆ ಟೈಮಿಗೆ ಅಲ್ಲಿ ಯಾಕ ಬರ್ತಾರೆ ಅಂತ ಸುಮ್ನಾದೆ." ಗಂಡ ತಲೆಯೆತ್ತದೆ ರೊಟ್ಟಿ ಮುರಿದರು. ನಾನು ಪಲ್ಯ ಬಡಿಸಿದೆ.

ಆಮೇಲೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಾಗ ಎದುರು ಮಹಡಿಯ ಕಿಟಕಿಯಲ್ಲಿ ಅವಳು ನಿಂತಿರುವುದು ಕಾಣುತ್ತಿತ್ತು. ಪೇಪರು ತಿದ್ದಲು ಬೇಗ ಎದ್ದಿದ್ದಾಳೆ ಪಾಪ ಎಂದುಕೊಂಡು ಕೈಯೆತ್ತುತ್ತಿದ್ದೆ. ಅವಳೂ ಕೈಯೆತ್ತುತ್ತಿದ್ದಳು.

ನಡಿಗೆ ನಿಂತ ಕೆಲವು ವಾರಕ್ಕೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದೆ. ಹಣೆ ತಾಮ್ರದ ಹಂಡೆಗೆ ಬಡಿದು ಹೊಲಿಗೆ ಹಾಕಬೇಕಾಯಿತು. ಡಾಕ್ಟರು ರಕ್ತ ಪರೀಕ್ಷೆ ನೋಡಿ ಸಿಟ್ಟಾದರು. ಮಾತ್ರೆ ಸಾಲದು, ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಅತ್ತೆ ಆ ಸೀಸೆಗಳನ್ನು ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಬಚ್ಚಿಟ್ಟರು. ಅವಳು ರಾಗಿ ಗಂಜಿ ಮಾಡಿಕೊಂಡು ನೋಡಲು ಬಂದಳು. ಹಾಸಿಗೆಯ ಪಕ್ಕ ಕೂತು, ನನ್ನ ಹಣೆಯ ಪಟ್ಟಿ ಮುಟ್ಟಿ, ಮೆಲ್ಲಗೆ ಕೇಳಿದಳು, "ಅಕ್ಕ, ನಡೆಯೋದು ಬಿಟ್ಟಿದ್ದು ಗೇಟು ಮುಚ್ಚಿದ್ದಕ್ಕಾ, ನಾನು ಬರದೇ ಇದ್ದಿದ್ದಕ್ಕಾ?"

ಎಷ್ಟು ಪ್ರೀತಿ ಇವಳಿಗೆ ಎಂದುಕೊಂಡೆ. ತನ್ನಿಂದಲೇ ಹೀಗಾಯಿತು ಎಂದು ಕೊರಗುತ್ತಿದ್ದಾಳೆ ಎಂದುಕೊಂಡೆ. "ನಿನ್ನಿಂದಲ್ಲ ಬಿಡು. ನೀ ಇಲ್ದಿದ್ರೂ ಹಿಂದಿನ ಗೇಟಿದ್ದಿದ್ರೆ ಹೋಗ್ತಿದ್ದೆ" ಎಂದು ಸಮಾಧಾನ ಹೇಳಿದೆ. ಅವಳು ತಲೆಯಾಡಿಸಿದಳು.

ಮುಂದಿನ ವಾರ ಗೇಟು ತೆರೆಯಿತು. ಅವಳ ಪೇಪರಿನ ಕೆಲಸವೂ ಮುಗಿಯಿತು. ನಾವು ಮತ್ತೆ ನಡೆಯತೊಡಗಿದೆವು. ನಾನು ಮೊದಲಿಗಿಂತ ಹೆಚ್ಚು ಖುಷಿಯಾಗಿದ್ದೆ.

ಮಳೆಗಾಲ ಮುಗಿದ ಮೇಲೆ ಅವಳು ಮನೆಗೆ ಬಂದು ಗಂಡನನ್ನೂ ನನ್ನನ್ನೂ ಕರೆದಳು. ತನ್ನ ಕೆಲಸದ ಬಗ್ಗೆ ಊರಿನವರ ಮುಂದೆ ಮಾತಾಡುತ್ತಿದ್ದಾಳಂತೆ, ಡಾಕ್ಟರುಗಳು, ವ್ಯಾಪಾರಸ್ಥರು, ಬಡಾವಣೆಯ ಹಿರಿಯರು ಎಲ್ಲ ಬರುತ್ತಾರಂತೆ. "ಕನ್ನಡದಲ್ಲೇ ಮಾತಾಡ್ತೀನಿ. ಅಕ್ಕ ಮುಂದಿನ ಸಾಲಿನಲ್ಲೇ ಕೂರಬೇಕು." ಭಾವನಿಗೂ ವ್ಯಾಪಾರಸ್ಥರ ಕಡೆಯಿಂದ ಆಹ್ವಾನವಿತ್ತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ನನ್ನ ತಂಗಿಯ ಕಾರ್ಯಕ್ರಮ ಎನ್ನುವ ಹಾಗೆ.

ಕಾಲೇಜೊಂದರ ಸಭಾಂಗಣ. ದೀಪ ಆರಿಸಿ ಗೋಡೆಯ ಮೇಲೆ ನಮ್ಮ ಬಡಾವಣೆಯ ನಕ್ಷೆ ಬಿಟ್ಟರು. ಅವಳು ಚೆನ್ನಾಗಿ ಮಾತಾಡಿದಳು. ಮರ, ನೆರಳು, ದಾರಿ, ಬೆಳಕು ಇವೆಲ್ಲ ಸರಿಯಿದ್ದರೆ ಅರ್ಧ ಕಾಯಿಲೆ ಬರುವುದೇ ಇಲ್ಲ ಎಂದಾಗ ಡಾಕ್ಟರುಗಳೂ ತಲೆದೂಗಿದರು. ನನಗೆ ಹೆಮ್ಮೆಯಾಯಿತು. ಆಮೇಲೆ ಅವಳು ಕೋಲಿನಿಂದ ಒಂದು ಹಳದಿ ಚುಕ್ಕಿಯನ್ನು ಮುಟ್ಟಿ ತೋರಿಸಿದಳು.

"ಇದೊಬ್ಬ ಗೃಹಿಣಿ. ವ್ಯಾಪಾರಸ್ಥರ ಕೂಡು ಕುಟುಂಬ. ಸಕ್ಕರೆ ಕಾಯಿಲೆ ಇದೆ, ಮನೆಯವರು ಮುಚ್ಚಿಟ್ಟಿದ್ದಾರೆ. ನಡೆಯಲು ಹೋಗುವಾಗ ಕೈಯಲ್ಲಿ ಖಾಲಿ ಚೀಲ ಹಿಡಿಯುತ್ತಾರೆ, ತರಕಾರಿಗೆ ಹೊರಟಂತೆ ಕಾಣಲಿ ಎಂದು."

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ನಮ್ಮಲ್ಲೂ ಹೀಗೇ ಎಂದು ಗುರುತು ಹಿಡಿದ ನಗು. ಅನೇಕ ಹೆಂಗಸರು ನಕ್ಕರು.

"ಮನೆಯ ಹಿರಿಯ ಗಂಡಸು ವರಾಂಡದಲ್ಲಿ ಕೂತಿದ್ದರೆ ಈ ಚುಕ್ಕಿ ಹೊರಗೆ ಬರುವುದಿಲ್ಲ. ಗರ್ಭ ಹೋದ ನೋವು ಇನ್ನೂ ಇದೆ, ಹಾಗಾಗಿ ಎಲ್ಲರೂ ತನ್ನ ಹೊಟ್ಟೆಯನ್ನೇ ನೋಡುತ್ತಾರೆ ಎನ್ನಿಸಿ ಹೆಜ್ಜೆ ತಡವರಿಸುತ್ತದೆ. ಇಂಥ ಸಣ್ಣ ಸಣ್ಣ ಸಂಗತಿಗಳನ್ನು ಮಾಡೆಲ್ ಒಳಗೆ ತರದಿದ್ದರೆ ನಮ್ಮ ಊರುಗಳ ನಡಿಗೆ ಅರ್ಥವಾಗುವುದಿಲ್ಲ."

ನನ್ನ ಪಕ್ಕದಲ್ಲಿ ಗಂಡನ ಮೈ ಬಿಗಿಯಾದದ್ದು ತಿಳಿಯಿತು. ನಾಲ್ಕು ಕುರ್ಚಿ ಆಚೆ ಭಾವ ನಿಧಾನವಾಗಿ ನನ್ನ ಕಡೆ ತಿರುಗಿ ನೋಡಿದರು.

"ಹಿಂದಿನ ಗೇಟು ಮುಚ್ಚಿದರೆ ಈ ಚುಕ್ಕಿ ನಡೆಯುವುದನ್ನೇ ನಿಲ್ಲಿಸುತ್ತದೆ ಎಂದು ಮಾಡೆಲ್ ಹೇಳಿತು. ಇದು ಕಂಪ್ಯೂಟರಿನ ಮಾತಾಯಿತು, ನಿಜವೇ ಎಂದು ನನ್ನ ಡಾಕ್ಟರೇಟಿನ ಗೈಡ್ ಕೇಳಿದರು. ಹಾಗಾಗಿ ಪಾರ್ಕು ನೋಡಿಕೊಳ್ಳುವವರನ್ನು ಕೇಳಿಕೊಂಡು ಆ ಗೇಟಿಗೆ ಕೆಲವು ವಾರ ಬೀಗ ಹಾಕಿಸಿದೆವು. ಜೊತೆಗಾರರನ್ನೂ ತೆಗೆದೆವು. ಮಾಡೆಲ್ ಹೇಳಿದ ಹಾಗೆಯೇ ಆಯಿತು."

ಚಪ್ಪಾಳೆ ಹೊಡೆದರು. ಜೊತೆಗಾರರನ್ನೂ ತೆಗೆದೆವು. ಆ ಮಾತು ನನಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಅರ್ಥವಾದಾಗ ಹಣೆಯ ಗಾಯದ ಗುರುತು ಸುಟ್ಟ ಹಾಗಾಗಿ ಸೆರಗು ಮುಂದಕ್ಕೆ ಎಳೆದುಕೊಂಡೆ. ದೀಪ ಹಾಕಿದಾಗ ಅವಳು ವೇದಿಕೆಯಿಂದ ನನ್ನನ್ನು ಹುಡುಕಿ ನಕ್ಕಳು. ಆ ನಗುವಿನಲ್ಲಿ ಏನೂ ಕಪಟವಿರಲಿಲ್ಲ. ನಾನು ಎದ್ದು ಹೊರಗೆ ಬಂದೆ.

ಗಂಡ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಕರೆತಂದರು. ಕೋಣೆಯೊಳಗೆ ಬಂದ ಮೇಲೆ ಅಂಗಿ ಬಿಚ್ಚುತ್ತಾ ಕೇಳಿದರು, "ಹೊಟ್ಟಿ ನೋಡ್ತಾರೆ ಅಂತ ನಿನಗ ಅನ್ಸೋದು, ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಆಕಿ ಕೇಳಿದ್ಲು, ನೋಡಿದಿಯಲ್ಲ ಯಾಕ ಕೇಳಿದ್ಲು ಅಂತ."

ಅವರಿಗೆ ನಾನು ಮೋಸ ಮಾಡಿದೆ ಎನ್ನಿಸಿತ್ತು. ನನಗೆ ಮೋಸವಾಗಿದೆ ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಎರಡು ದಿನದೊಳಗೆ ಸುದ್ದಿ ಅತ್ತೆಯ ಕಿವಿಗೂ ಬಿತ್ತು. "ಹೊರಗೆ ಹೇಳಬ್ಯಾಡ ಅಂದಿದ್ದೆ. ನೀನು ಮೈಕಿನಾಗೆ ಹೇಳ್ಸಿದಿ" ಎಂದರು. ಭಾವ ಮರುದಿನದಿಂದ ಪೇಪರನ್ನು ಮಹಡಿಯ ಮೇಲೆ ಕೂತು ಓದತೊಡಗಿದರು. ನನಗೆ ಅವರು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಸಭೆಯ ಮಾರನೇ ಬೆಳಿಗ್ಗೆ ನಾನು ಎದುರು ಮನೆಯ ಮೆಟ್ಟಿಲು ಹತ್ತಿದೆ. ಅವಳು ಚಹಾ ಕಾಯಿಸುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. "ನಿನ್ನೆ ಮಾತಾಡಿಸದೇ ಹೋಗಿಬಿಟ್ರಲ್ಲ ಅಕ್ಕ, ಎಷ್ಟು ಹುಡುಕಿದೆ!"

"ಗೇಟಿಗೆ ಬೀಗ ಹಾಕ್ಸಿದ್ದು ನೀವಾ?" ಎಂದೆ.

ನೀವು ಎಂದದ್ದು ಅವಳಿಗೆ ತಾಗಿತು. ಸ್ಟೌ ಆರಿಸಿದಳು.

"ನಾನೇ. ಹೇಳಿದ್ರೆ ನೀವು ಬೇರೆ ಥರ ನಡೀತಿದ್ರಿ ಅಕ್ಕ. ನನಗೆ ಸಹಾಯ ಆಗಲಿ ಅಂತಾದ್ರೂ ಮೇನ್ ರೋಡಿನ ಮೇಲೆ ಹೋಗ್ತಿದ್ರಿ. ಆಗ ನಿಜ ಗೊತ್ತಾಗ್ತಿರಲಿಲ್ಲ."

"ಪರೀಕ್ಷಿ ಪೇಪರು?"

"ಇರಲಿಲ್ಲ."

"ಕಿಟಕಿಯಾಗೆ ನಿಂತಿರ್ತಿದ್ರಲ್ಲ?"

"ನೀವು ಹೊರಡ್ತೀರಾ ಅಂತ ನೋಡ್ತಿದ್ದೆ." ಅವಳ ದನಿ ಇಳಿಯಿತು. "ದಿನಾ ನೀವು ಹೊರಡಲಿ ಅಂತಾನೇ ಅನ್ಕೋತಿದ್ದೆ. ನನ್ನ ಮಾಡೆಲ್ ಸುಳ್ಳಾದ್ರೂ ಪರವಾಗಿಲ್ಲ ಅಂತ."

"ನಾನು ಬಚ್ಚಲಾಗೆ ಬಿದ್ದಾಗ?"

"ಅವತ್ತೇ ಬೀಗ ತೆಗೆಸಬೇಕು ಅಂದೆ. ಗೈಡು ಇನ್ನೊಂದು ವಾರ ಇರಲಿ ಅಂದ್ರು."

"ನೀವೇನಂದ್ರಿ?"

ಅವಳು ಚಹಾದ ಪಾತ್ರೆಯನ್ನು ನೋಡುತ್ತಾ ಹೇಳಿದಳು, "ಸರಿ ಅಂದೆ."

ಅವಳೇ ಮಾತು ಮುಂದುವರಿಸಿದಳು. "ನಿಮ್ಮ ಹೆಸರು ಎಲ್ಲೂ ಹೇಳಿಲ್ಲ ಅಕ್ಕ. ಇದರಿಂದ ಎಷ್ಟು ಹೆಂಗಸರಿಗೆ ಅನುಕೂಲ ಆಗುತ್ತೆ ಯೋಚನೆ ಮಾಡಿ. ಹೊಸ ಬಡಾವಣೆ ಕಟ್ಟೋರು ಈಗಾಗಲೇ ನನ್ನ ಕೇಳ್ತಿದ್ದಾರೆ."

"ಹೆಸರು ಹೇಳಲಿಲ್ಲ. ಚೀಲ ಹೇಳಿದ್ರಿ. ಈ ಊರಾಗೆ ಆ ಚೀಲ ಹಿಡ್ಕೊಂಡು ನಡಿಯಾಕಿ ಇನ್ಯಾರು ಅದಾರೆ? ಅನುಕೂಲ ಆಗ್ಲಿ ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರೆ ನನ್ನ ಒಂದ್ ಮಾತು ಕೇಳಬೇಕಿತ್ತು. ನಮ್ಮವ್ವ ನಿಮಗೆ ಉಡಿ ತುಂಬಿದ್ಲು."

ಅವಳು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಒಂದು ಮಾತು ಕೇಳದೆ ಇಳಿಯಲು ಮನಸ್ಸು ಬರಲಿಲ್ಲ.

"ಮೊದಲನೇ ದಿನ ಮೊಸರಿಗೆ ಬಂದ್ರಲ್ಲ, ಅದೂ ಇದಕ್ಕೇನಾ? ನನ್ ಜೊತಿ ನಡೆದದ್ದೆಲ್ಲ ಇದಕ್ಕೇನಾ?"

ಕಣ್ಣೊರೆಸಿಕೊಂಡು ಹೇಳಿದಳು, "ಮೊದಲು ಇದಕ್ಕೇ. ಆಮೇಲೆ ಎರಡಕ್ಕೂ."

ಅಲ್ಲ ಎಂದಿದ್ದರೆ ಸುಳ್ಳು ಎಂದು ದೂರ ತಳ್ಳುತ್ತಿದ್ದೆ. ಹೌದು ಎಂದಿದ್ದರೆ ದ್ವೇಷಿಸಿ ಮುಗಿಸುತ್ತಿದ್ದೆ. ಎರಡಕ್ಕೂ ಎಂದಳು. ನನ್ನ ಕೈ ಹಿಡಿದುಕೊಂಡ ಬೆಳಿಗ್ಗೆ ಅವಳು ಯಾವುದಕ್ಕೆ ಹಿಡಿದುಕೊಂಡಳು, ಹಾಸಿಗೆಯ ಪಕ್ಕ ಕೂತು ಕೇಳಿದಾಗ ಯಾವುದಕ್ಕೆ ಕೇಳಿದಳು ಎಂದು ನಾನು ವರ್ಷಗಟ್ಟಲೆ ಬಿಡಿಸಲು ನೋಡಿದ್ದೇನೆ. ಬಿಡಿಸಲು ಬಂದಿಲ್ಲ. ಒಂದೊಂದು ನೆನಪೂ ಕೆಟ್ಟುಹೋಯಿತು. ಹರಿಹರದ ಆ ಸಂಜೆ ಕೂಡ. ನಾನು ಕೈ ಬೀಸಿ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಅದನ್ನು ಬರೆದುಕೊಳ್ಳುತ್ತಿದ್ದರು ಎಂಬುದು ತಿಳಿದ ಮೇಲೆ ತವರಿನ ರಸ್ತೆಯಲ್ಲೂ ನನ್ನ ಕೈ ನನ್ನ ಸೆರಗಿನೊಳಗೇ ಇರತೊಡಗಿತು.

ಮುಂದಿನ ಸಲ ನಾನು ತವರಿಗೆ ಹೋದಾಗ ಅವ್ವ ಕೇಳಿದಳು, "ಎಲ್ಲಿ ನನ್ ಎರಡನೇ ಮಗಳು?" ಊರಿಗೆ ಹೋಗಿದ್ದಾಳೆ ಎಂದೆ. ಅವ್ವನಿಗೆ ನಿಜ ಹೇಳಲಿಲ್ಲ. ಉಡಿ ತುಂಬಿದ ಕೈಗೆ ಆ ಸುದ್ದಿ ಬೇಡ ಎನ್ನಿಸಿತು.

ಅವಳು ಆ ವರ್ಷದ ಕೊನೆಗೆ ಮನೆ ಖಾಲಿ ಮಾಡಿದಳು. ಹೋಗುವ ಮುಂಚೆ ನಮ್ಮ ಬಾಗಿಲಿಗೆ ಬಂದು ಅತ್ತೆಗೆ ಹೇಳಿ ಹೋದಳಂತೆ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಹೊರಗೆ ಬರಲಿಲ್ಲ.

ಅವಳ ಮಾಡೆಲ್ ಕೆಲಸಕ್ಕೆ ಬಂತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಪಾರ್ಕಿನ ಹಿಂದಿನ ಗೇಟು ಕಿತ್ತು, ದನ ನುಗ್ಗದಂತೆ ಮನುಷ್ಯರು ಮಾತ್ರ ತಿರುಗಿಸಿಕೊಂಡು ಹೋಗುವಂಥ ಕಂಬ ನಿಲ್ಲಿಸಿದರು. ಬೀಗ ಹಾಕಲು ಬರುವುದಿಲ್ಲ. 'ಹೆಂಗಸರು ಆ ಗೇಟಿಲ್ದೆ ಬರಲ್ಲ ಅಂತ ಮೇಡಂ ಕಂಪ್ಯೂಟರಾಗೆ ತೋರ್ಸಿದ್ರು' ಎಂದು ಬಡಾವಣೆಯ ಹಿರಿಯರು ಹೇಳಿಕೊಳ್ಳುತ್ತಿದ್ದರು. ಹಿಂದಿನ ಕ್ರಾಸಿಗೆ ದೀಪ ಬಂತು. ಹರಿಹರದ ರಸ್ತೆಯಲ್ಲಿ ಎದ್ದ ಒಂದು ಹೊಸ ಬಡಾವಣೆಯಲ್ಲಿ ಮನೆಗಳ ನಡುವೆ ಕಾಲುದಾರಿ ಬಿಟ್ಟು ಗಿಡ ನೆಟ್ಟರು. ನಮ್ಮ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ಬೆಳಿಗ್ಗೆ ಪಾರ್ಕಿಗೆ ಹೋಗತೊಡಗಿದರು. ಕ್ಯಾನ್ವಾಸ್ ಬೂಟು, ಸೀರೆಯ ಮೇಲೆ ಸ್ವೆಟರು. ಯಾರ ಕೈಯಲ್ಲೂ ಚೀಲವಿರಲಿಲ್ಲ. ಅವರ ನಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನನ್ನನ್ನೂ ಕರೆದರು. ನಾನು ಬಹಳ ದಿನ ನಮ್ಮ ತಾರಸಿಯ ಮೇಲೆಯೇ ಗಾಣದೆತ್ತಿನ ಹಾಗೆ ಸುತ್ತಿದೆ. ಆಮೇಲೆ ಇನ್ಸುಲಿನ್ ಸೂಜಿ ಇನ್ನೂ ಹೆಚ್ಚಾದೀತೆಂಬ ಭಯಕ್ಕೆ ನಾನೂ ಪಾರ್ಕಿಗೆ ಹೋಗತೊಡಗಿದೆ, ಒಬ್ಬಳೇ. ಯಾರಾದರೂ ಜೊತೆಗೆ ಬಂದು, "ಯಾಕ ಇಷ್ಟು ಜೋರಾಗಿ ನಡೀತೀರಿ?" ಎಂದು ಕೇಳಿದರೆ, "ಹಿಂಗೇ" ಎನ್ನುತ್ತೇನೆ.

ಅವಳು ಹೋಗಿ ವರ್ಷವಾಗಿರಬಹುದು, ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಗಂಡ ಎತ್ತಿದರು. ಎರಡು ಮಾತು ಕೇಳಿಸಿಕೊಂಡು ಕೈಯಿಂದ ಮುಚ್ಚಿ ನನಗೆ ಹೇಳಿದರು, "ಆಕಿ. ಡಾಕ್ಟರೇಟ್ ಆತಂತೆ. ನಿನ್ ಜೊತಿ ಒಂದ್ ಮಾತು ಆಡಬೇಕಂತೆ."

ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. "ಮನ್ಯಾಗಿಲ್ಲ ಅಂತ ಹೇಳ್ರಿ" ಎಂದೆ.

ಗಂಡ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆ ಸಭೆಯ ಸಂಜೆಯಿಂದ ಈಚೆಗೆ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಗಿತ್ತು. ಅವರು ಫೋನಿನಿಂದ ಕೈ ತೆಗೆದು ಹೇಳಿದರು, "ಮನ್ಯಾಗ ಅದಾಳ ಮೇಡಂ. ನಿಮ್ ಜೊತಿ ಮಾತಾಡಾಕ ಆಕಿಗೆ ಮನಸಿಲ್ಲ. ನನಗೂ ಅದು ಸರಿ ಅನ್ನಸ್ತೈತಿ."

ಆ ಕಡೆಯಿಂದ ಏನೋ ಹೇಳಿದಳು. ಗಂಡ ಕೇಳಿಸಿಕೊಂಡು, "ಆತು, ಹೇಳ್ತೀನಿ" ಎಂದು ಫೋನು ಇಟ್ಟರು. ಏನಂದಳು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನನ್ನ ಎದುರಿಗೆ ನೆಲದ ಮೇಲೆ ಕೂತು, ಮೊರದ ಆ ಬದಿಯಿಂದ ಕಲ್ಲು ಹೆಕ್ಕತೊಡಗಿದರು.